ಏಳು ನೂಕುಗಳ ಯಾತ್ರೆ

ಪಠ್ಯಪುಸ್ತಕದ ಗಾತ್ರವನ್ನು ಕಂಡು ಎದೆಗುಂದುವ ವಿದ್ಯಾರ್ಥಿಗಳು ಪ್ರತಿವರ್ಷವೂ ನಮ್ಮ ಬಳಿಗೆ ಬರುವುದುಂಟು. ದಿನಕ್ಕೆ ಒಂದೇ ಗಂಟೆ ಓದಿದರೆ ಇದು ಮುಗಿದೀತೇ ಎಂಬುದು ಅವರ ಪ್ರಶ್ನೆ. ಉತ್ತರವನ್ನು ಭೌತಶಾಸ್ತ್ರದಲ್ಲಿಯೇ ಹುಡುಕೋಣ.

೨೦೧೩ರ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಭಾರತದ ಮಂಗಳನೌಕೆ ಮೇಲೇರಿತು. ಅದನ್ನು ನೇರವಾಗಿ ಮಂಗಳನತ್ತ ಎಸೆಯುವಷ್ಟು ಸಾಮರ್ಥ್ಯ ಪಿ.ಎಸ್.ಎಲ್.ವಿ. ರಾಕೆಟ್ಟಿಗಿರಲಿಲ್ಲ. ಆದುದರಿಂದ ನೌಕೆಯನ್ನು ಭೂಮಿಯ ಸುತ್ತ ದೀರ್ಘವೃತ್ತಾಕಾರದ ಕಕ್ಷೆಯೊಂದರಲ್ಲಿ ಬಿಡಲಾಯಿತು. ಆ ಕಕ್ಷೆಯ ಅತ್ಯಂತ ದೂರದ ಬಿಂದುವಿನ ಎತ್ತರ ಸುಮಾರು ೨೩,೫೦೦ ಕಿ.ಮೀ. ಮಾತ್ರ, ಮಂಗಳನಾದರೋ ಕೋಟಿಗಟ್ಟಲೆ ಕಿಲೋಮೀಟರುಗಳಾಚೆ!

ಉಳಿದ ಕೆಲಸ ನೌಕೆಯ ಪುಟ್ಟ ಎಂಜಿನ್ನಿನದು. ಅದರ ನೂಕುಬಲ ೪೪೦ ನ್ಯೂಟನ್. ಸುಮಾರು ೪೫ ಕಿಲೋಗ್ರಾಂ ಮೂಟೆಯನ್ನು ಎತ್ತಿಹಿಡಿಯಲು ಬೇಕಾಗುವಷ್ಟು. ನೌಕೆ ಭೂಮಿಯ ಸಮೀಪಕ್ಕೆ ಬಂದು ಅದರ ವೇಗ ಅತ್ಯಧಿಕವಾದಾಗ ಎಂಜಿನ್ನನ್ನು ಕೆಲವು ನಿಮಿಷ ಉರಿಸುವುದು ಕ್ರಮ. ಬಲವು ಮಾಡುವ ಕೆಲಸವು ಬಲ ಮತ್ತು ದೂರಗಳ ಗುಣಲಬ್ಧವಷ್ಟೆ. ವೇಗವಾಗಿ ಚಲಿಸುವ ನೌಕೆ ಅಷ್ಟೇ ಸಮಯದಲ್ಲಿ ಹೆಚ್ಚು ದೂರ ಕ್ರಮಿಸುವುದರಿಂದ ಅದೇ ನೂಕು ಅದಕ್ಕೆ ಹೆಚ್ಚು ಶಕ್ತಿಯನ್ನು ಕೊಡುತ್ತದೆ.

ನವೆಂಬರ್ ೭ರಂದು ನಡೆದ ಮೊದಲ ನೂಕು ೪೧೬ ಸೆಕೆಂಡುಗಳದು. ದೂರದ ಬಿಂದು ಏರಿದ್ದು ಸುಮಾರು ೫,೩೦೦ ಕಿ.ಮೀ. ನವೆಂಬರ್ ೧೬ರ ನೂಕು ೨೪೩.೫ ಸೆಕೆಂಡುಗಳದು, ಆಗ ಅದು ೧,೧೮,೬೪೨ರಿಂದ ೧,೯೨,೮೭೪ ಕಿ.ಮೀ.ಗೆ, ಅಂದರೆ ೭೪,೦೦೦ ಕಿ.ಮೀ.ಗೂ ಹೆಚ್ಚು ಏರಿತು! ಎಂಜಿನ್ನು ಬಲಿಷ್ಠವಾಗಿರಲಿಲ್ಲ. ಹಿಂದಿನ ನೂಕುಗಳು ಕೂಡಿಟ್ಟ ಶಕ್ತಿ ಅಲ್ಲಿತ್ತು; ದೂರ ಹೋದಂತೆ ಭೂಮಿಯ ಸೆಳೆತವೂ ಕ್ಷೀಣಿಸಿತ್ತು.

ನಡುವೆ ಒಂದು ವಿಘ್ನವೂ ಒದಗಿತು. ನವೆಂಬರ್ ೧೧ರಂದು ಒಂದು ಲಕ್ಷ ಕಿ.ಮೀ. ಮುಟ್ಟಬೇಕಾಗಿದ್ದಿತು. ಎಂಜಿನ್ನಿಗೆ ಇಂಧನದ ಹರಿವು ನಿಂತುಹೋಗಿ, ದೂರದ ಬಿಂದು ೭೮,೨೭೬ ಕಿ.ಮೀ.ನಲ್ಲಿಯೇ ಉಳಿಯಿತು. ಆದರೆ ಅದುವರೆಗೆ ಗಳಿಸಿದ ಎತ್ತರ ನಷ್ಟವಾಗಲಿಲ್ಲ. ಮರುದಿನವೇ ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಆಜ್ಞೆ ಹೋಯಿತು. ಪೂರಕ ನೂಕೊಂದು ಕೊರತೆಯನ್ನು ತುಂಬಿತು. ಡಿಸೆಂಬರ್ ೧ರ ಏಳನೆಯ ನೂಕಿನಿಂದ ನೌಕೆ ಭೂಮಿಯ ಹಿಡಿತವನ್ನು ಬಿಡಿಸಿಕೊಂಡಿತು. ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳನ ಕಕ್ಷೆಯನ್ನು ಸೇರಿತು.

ಮನಸ್ಸು ನೌಕೆಯಲ್ಲ, ನಿಜ. ಓದಿದ್ದನ್ನು ಮರೆಯುವುದೂ ಉಂಟು. ಆದರೂ ಮೊದಲ ತಿಂಗಳ ಓದಿನಿಂದ ಏನೂ ಆಗಲಿಲ್ಲವೆಂದು ಕೊರಗುವವರು ನವೆಂಬರ್ ೭ರ ನೂಕನ್ನು ನೆನೆಯಲಿ. ಒಂದು ದಿನ ತಪ್ಪಿತೆಂದು ಪುಸ್ತಕವನ್ನೇ ಮುಚ್ಚಿಡುವವರು ನವೆಂಬರ್ ೧೨ನ್ನು ನೆನೆಯಲಿ. ನಿಂತಲ್ಲಿಂದಲೇ ಮುಂದಿನ ನೂಕು.