ಆಗಸಕ್ಕೆ ಹಾದಿಯಾದ ಗಣಿತ

ಮುನವಳ್ಳಿಯ ಶಾಲಾ ಬಾಲಕಿಯೊಬ್ಬಳು ತಲೆಯೆತ್ತಿ ವಿಮಾನ ನೋಡಿದಾಗ ಅದರ ಚಾಲಕನನ್ನು ನೆನೆದಾಳು. ವಿಮಾನಕ್ಕೆ ಕಿವಿ, ಬಾಯಿ ಎರಡೂ ಆದ ಆಂಟೆನಾಗಳ ಸಂಶೋಧನೆಯಲ್ಲಿ ಕನ್ನಡನಾಡಿನ ಮಹಿಳೆಯೊಬ್ಬರು ಬದುಕು ಸವೆಸಿದರೆಂಬುದನ್ನು ಆಕೆಗೆ ಹೇಳುವವರು ವಿರಳ.

1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿ ಓದಿದ್ದು ಗಣಿತ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಅವರು, ಸರ್ಕಾರಿ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕಕ್ಕೆ ತೆರಳಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಗಳಿಸಿ, 1953ರಲ್ಲಿ ಮರಳಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆ ಕೈಗೊಂಡರು.

ವಿಮಾನದ ಆಂಟೆನಾ ಸುಲಭದ ವಸ್ತುವಲ್ಲ. ಹೊರಚಾಚಿದರೆ ಗಾಳಿಗೆ ಅಡ್ಡಿ. ಒಡಲಿಗೆ ಅಂಟಿಕೊಂಡರೆ ಸುತ್ತಲ ಲೋಹವೇ ತರಂಗಗಳ ಹರಹನ್ನು ಬದಲಿಸುತ್ತದೆ. ಈ ತೊಡಕನ್ನು ಬಿಡಿಸುವುದು ಗಣಿತ. ಇಪ್ಪತ್ತು ಮಂದಿ ಸಂಶೋಧಕರನ್ನು ಪಿಎಚ್.ಡಿ. ಪದವಿಗೆ ಸಜ್ಜುಗೊಳಿಸಿದ ರಾಜೇಶ್ವರಿಯವರು 1982ರಲ್ಲಿ ನಿವೃತ್ತರಾಗಿ, 2010ರಲ್ಲಿ ನಿಧನರಾದರು.

ಲೆಕ್ಕದಲ್ಲಿ ಮುಂದಿರುವ ಮಗಳಿಗೆ ‘ಅಷ್ಟು ದೂರದ ಓದೇಕೆ?’ ಎನ್ನುವ ಮನೆಗಳು ಇಂದಿಗೂ ಇವೆ. ಸಕಾಲದಲ್ಲಿ ದೊರೆತ ಒಂದು ವಿದ್ಯಾರ್ಥಿವೇತನ ಅಂದು ನಾಡಿಗೆ ಒಬ್ಬ ಗುರುವನ್ನೂ ಆಕೆಯ ಮೂಲಕ ಇಪ್ಪತ್ತು ಸಂಶೋಧಕರನ್ನೂ ಕೊಟ್ಟಿತು. ಒಬ್ಬಳ ಓದನ್ನು ತಡೆದಾಗ ಆಗುವ ನಷ್ಟ ಒಂದೇ ಮನೆಯದಲ್ಲ.