ಏಳು ನಡುಗಡ್ಡೆಗಳ ಮುಂಬಯಿ

ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯ ನಮ್ಮ ಹಿರಿಯರು ‘ಮುಂಬಯಿ ಸರಕಾರ’ದ ಕಾಲವನ್ನು ಆಗಾಗ ನೆನೆಯುತ್ತಿದ್ದರು. 1956ರವರೆಗೆ ಈ ಜಿಲ್ಲೆಗಳ ಆಡಳಿತ ನಡೆದದ್ದು ಆ ನಗರದಿಂದಲೇ. ಅಂತಹ ಮಹಾನಗರವು ನಿಂತ ನೆಲದ ಬಹಳಷ್ಟು ಭಾಗ ಹಿಂದೊಮ್ಮೆ ಕಡಲಾಗಿತ್ತೆಂಬುದು ನಾವು ತಿಳಿದಿರಬೇಕಾದ ಸಂಗತಿ.

ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ, ಪರೇಲ್, ವರ್ಲಿ, ಮಾಹಿಮ್ ಎಂಬ ಏಳು ನಡುಗಡ್ಡೆಗಳು. ಅಲ್ಲಿ ಕೋಳಿ ಎಂಬ ಮೀನುಗಾರ ಜನರ ವಸತಿ. ಪಶ್ಚಿಮಕ್ಕೆ ತೆರೆದ ಅರಬ್ಬೀ ಸಮುದ್ರ. ಪೂರ್ವಕ್ಕೆ, ನಡುಗಡ್ಡೆಗಳಿಗೂ ಕೊಂಕಣದ ದಡಕ್ಕೂ ನಡುವೆ, ವಿಶಾಲವಾದ ಶಾಂತ ಜಲರಾಶಿ. ದಕ್ಷಿಣದಿಂದ ಒಳಹೊಕ್ಕ ಹಡಗಿಗೆ ಮುಂಗಾರಿನಲ್ಲಿಯೂ ಆಸರೆ ದೊರೆಯುತ್ತಿತ್ತು. ನಗರದ ಭಾಗ್ಯಕ್ಕೆಲ್ಲ ಈ ನೈಸರ್ಗಿಕ ಬಂದರೇ ಮೂಲ.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಶಾಹನು ಇವನ್ನು ಪೋರ್ತುಗೀಜರಿಗೆ ಬಿಟ್ಟುಕೊಟ್ಟನು. 1661ರ ವಿವಾಹ ಒಪ್ಪಂದದಂತೆ ಅವು ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಸಂದವು. ಆತನು 1668ರಲ್ಲಿ ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟನು!

ಅಂದು ಉಬ್ಬರ ಬಂದಾಗಲೆಲ್ಲ ಕಡಲು ನಡುಗಡ್ಡೆಗಳ ನಡುವಣ ತಗ್ಗಿಗೆ ನುಗ್ಗುತ್ತಿತ್ತು. ಪಾಯಧುನಿ ಎಂಬ ಬಡಾವಣೆಯ ಹೆಸರಿಗೆ ಕಾಲು ತೊಳೆಯುವ ಸ್ಥಳವೆಂದರ್ಥ. ನೀರು ದಾಟಿ ಬಂದವರು ಅಲ್ಲಿ ಕಾಲು ತೊಳೆಯುತ್ತಿದ್ದರೆಂದು ಪ್ರತೀತಿ. 1780ರ ದಶಕದಲ್ಲಿ ಗವರ್ನರ್ ವಿಲಿಯಂ ಹಾರ್ನ್‌ಬಿ ಕೈಗೊಂಡ ಒಡ್ಡು ವರ್ಲಿಯ ಬಳಿ ಈ ನೀರನ್ನು ತಡೆಯಿತು. 1838ರಲ್ಲಿ ಕೊಲಾಬಾಕ್ಕೆ ದಾರಿಯಾಯಿತು. 1845ರಲ್ಲಿ ಮಾಹಿಮ್ ಅಳಿವೆಗೆ ಅಡ್ಡಲಾಗಿ ಕಟ್ಟಿದ ದಾರಿಗೆ ಜೀಜೀಭಾಯಿ ಮನೆತನದ ಅವಾಬಾಯಿಯವರು 1,57,000 ರೂಪಾಯಿ ದಾನವಿತ್ತರು.

ನೆಲವಾಯಿತು, ಸರಕು ಬೇಕಲ್ಲವೆ? 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾಯಿತು. ಆಗ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ. ನಮ್ಮ ಎರೆಹೊಲಗಳ ಅರಳೆಯೂ ಚಕ್ಕಡಿಗಳಲ್ಲಿ ಘಟ್ಟವಿಳಿದು, ಕುಮಟೆಯಲ್ಲಿ ಹಡಗೇರಿ ಅಲ್ಲಿಗೆ ಹೋಗುತ್ತಿತ್ತು. ಯುದ್ಧ ಮುಗಿದೊಡನೆ ಬೆಲೆ ಕುಸಿದು ಎಷ್ಟೋ ವರ್ತಕರು ದಿವಾಳಿಯೆದ್ದರು. ಬಂದರು ಮಾತ್ರ ಬೆಳೆಯಿತು. 1853ರಲ್ಲಿ ಠಾಣೆಯವರೆಗೆ ಓಡಿದ ರೈಲು 1863ರಲ್ಲಿ ಭೋರ್ ಘಟ್ಟವನ್ನು ಏರಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಯುರೋಪು ಹತ್ತಿರವಾಯಿತು. 1875ರಲ್ಲಿ ಸಸೂನ್, 1880ರಲ್ಲಿ ಪ್ರಿನ್ಸಸ್, 1914ರಲ್ಲಿ ಅಲೆಕ್ಸಾಂಡ್ರಾ ಹಡಗುಕಟ್ಟೆಗಳು ಸಿದ್ಧವಾದವು.

1944ರ ಏಪ್ರಿಲ್ 14ರಂದು ಹತ್ತಿಯನ್ನೂ ಸಿಡಿಮದ್ದನ್ನೂ ಒಟ್ಟಿಗೆ ಹೊತ್ತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದು ನೂರಾರು ಜನ ಅಸುನೀಗಿದರು. ಕಟ್ಟೆಗಳನ್ನು ಮತ್ತೆ ಕಟ್ಟಲಾಯಿತು. ಕೊಲ್ಲಿಯ ಆಚೆ ದಡದ ನ್ಹಾವಾ ಶೇವಾದಲ್ಲಿ 1989ರಲ್ಲಿ ಹೊಸ ಬಂದರು ತೆರೆದ ಮೇಲೆ ದೊಡ್ಡ ಪೆಟ್ಟಿಗೆಗಳ ಸಾಗಾಟ ಅಲ್ಲಿಗೆ ಸರಿಯಿತು.

ಆದರೆ ನೀರು ತನ್ನ ಹಳೆಯ ದಾರಿಯನ್ನು ಮರೆತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮಿಠಿ ನದಿಯ ಪಾತ್ರವನ್ನೂ ಮಾಹಿಮ್ ಅಳಿವೆಯ ಜೌಗನ್ನೂ ಜನ ಒತ್ತಿಕೊಂಡಿದ್ದರಿಂದ, ಹರಿಯಲು ಎಡೆಯಿಲ್ಲದ ನೀರು ಮನೆಗಳನ್ನು ಹೊಕ್ಕಿತು. ಇಂದಿಗೂ ಜೋರು ಮಳೆ ಉಬ್ಬರದೊಡನೆ ಕೂಡಿದರೆ ತಗ್ಗಿನ ಬೀದಿಗಳು ಹೊಳೆಯಾಗುತ್ತವೆ. ಆದರೂ ಕಡಲನ್ನು ತುಂಬುವುದು ನಿಂತಿಲ್ಲ. 2024ರಲ್ಲಿ ತೆರೆದ ಕರಾವಳಿ ರಸ್ತೆಗಾಗಿಯೂ ತುಂಬಲಾಯಿತು.

ಮುಂಬಯಿಯನ್ನು ಕಟ್ಟಿದ ಸಾಹಸವನ್ನು ನಾವು ಮನಸಾರೆ ಮೆಚ್ಚೋಣ. ಜೊತೆಗೆ, ನಮ್ಮ ನಮ್ಮ ಊರುಗಳಲ್ಲಿ ಕೆರೆಯನ್ನು ಮುಚ್ಚಿ ನಿವೇಶನ ಮಾಡುವ ಮುನ್ನ ಆ ನಗರದ ಮಳೆಗಾಲವನ್ನೊಮ್ಮೆ ನೆನೆಯೋಣ.