ಆಕಾಶದಲ್ಲೂ ಸವೆತ ಉಂಟೇ?

ಪ್ಲಾಸ್ಟಿಕ್ ಕೊಡ ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿದ್ದರೆ ಏನಾಗುತ್ತದೆ? ಬಣ್ಣ ಮಾಸುತ್ತದೆ. ಮುಟ್ಟಿದರೆ ಮುರಿಯುತ್ತದೆ. ಅಡಿಗೆಮನೆ ಗೋಡೆಗೆ ಒಗ್ಗರಣೆ ಹೊಗೆ ಹತ್ತಿ ಜಿಡ್ಡಾಗುತ್ತದೆ. ಇದೆಲ್ಲ ನಿಮಗೆ ಗೊತ್ತೇ ಇದೆ.

ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲೆ ಉಪಗ್ರಹಗಳು ಸುತ್ತುತ್ತವೆ. ಅಲ್ಲಿ ಮಳೆ ಇಲ್ಲ, ಒಲೆ ಇಲ್ಲ. ಹಾಗಾದರೆ ಅವು ಹೊಸದಾಗೇ ಇರುತ್ತವೆಯೇ? ಇಲ್ಲ. ಅವೂ ಸವೆಯುತ್ತವೆ. ಅವಕ್ಕೂ ಕೊಳೆ ಹಿಡಿಯುತ್ತದೆ.

ಇದನ್ನು ತಿಳಿಯಲು ಅಮೆರಿಕದ ನಾಸಾ ಸಂಸ್ಥೆ ಒಂದು ಪರೀಕ್ಷೆ ಮಾಡಿತು. 1984ರ ಏಪ್ರಿಲ್‌ನಲ್ಲಿ ಬಸ್ಸಿನಷ್ಟು ದೊಡ್ಡ ಉಪಗ್ರಹವನ್ನು ಮೇಲೆ ಬಿಟ್ಟಿತು. ಅದರ ಹೆಸರು ಎಲ್‌ಡಿಇಎಫ್. ಬಣ್ಣ, ಪ್ಲಾಸ್ಟಿಕ್, ಲೋಹ, ಗಾಜು ಎಲ್ಲವನ್ನೂ ಅದರಲ್ಲಿ ಇಟ್ಟಿದ್ದರು. ಟೊಮೆಟೊ ಬೀಜವೂ ಇತ್ತು.

ಒಂದು ವರ್ಷಕ್ಕೆ ವಾಪಸ್ ತರಬೇಕಿತ್ತು. ಆದರೆ 1986ರ ಜನವರಿಯಲ್ಲಿ ಚಾಲೆಂಜರ್ ನೌಕೆ ಸಿಡಿಯಿತು. ಇಬ್ಬರು ಹೆಂಗಸರೂ ಸೇರಿ 7 ಜನ ಸತ್ತರು. ಎರಡೂವರೆ ವರ್ಷ ನೌಕೆಗಳು ಹಾರಲಿಲ್ಲ. ಉಪಗ್ರಹ ಮೆಲ್ಲಗೆ ಕೆಳಕ್ಕೆ ಇಳಿಯುತ್ತಿತ್ತು. ಇನ್ನಷ್ಟು ತಡವಾಗಿದ್ದರೆ ಬಿದ್ದು ಸುಟ್ಟು ಹೋಗುತ್ತಿತ್ತು. 1990ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಹೋಯಿತು. ಯಂತ್ರದ ತೋಳಿನಿಂದ ಉಪಗ್ರಹವನ್ನು ಹಿಡಿದವರು ಬೋನಿ ಡನ್‌ಬಾರ್ ಎಂಬ ಮಹಿಳೆ.

ತಂದು ನೋಡಿದಾಗ ಏನು ಕಂಡಿತು?

ಕೆಲವು ತೆಳು ಪ್ಲಾಸ್ಟಿಕ್ ಹಾಳೆಗಳು ಮಾಯವಾಗಿದ್ದವು! ತಿಂದದ್ದು ಆಮ್ಲಜನಕ. ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡೆರಡು ಕಣಗಳು ಜೋಡಿಯಾಗಿ ಇರುತ್ತವೆ. ಮೇಲೆ ಸೂರ್ಯನ ಕಟು ಕಿರಣ ಆ ಜೋಡಿಯನ್ನು ಒಡೆಯುತ್ತದೆ. ಒಂಟಿ ಕಣ ಸಿಕ್ಕಿದ್ದನ್ನು ಹಿಡಿದು ಸವೆಸುತ್ತದೆ. ಉಪಗ್ರಹ ಗಂಟೆಗೆ ಸುಮಾರು 28,000 ಕಿ.ಮೀ. ಓಡುತ್ತದೆ. ಹಾಗಾಗಿ ಪೆಟ್ಟು ಜೋರು. ಸಣ್ಣ ಕಲ್ಲಿನ ಚೂರು ಬಡಿದು ಸಾವಿರಾರು ಗುಳಿಗಳೂ ಬಿದ್ದಿದ್ದವು.

ಕೆಲವು ಕಡೆ ಕಂದು ಕಲೆ ಇತ್ತು. ಅದು ಹೊರಗಿನ ಕೊಳೆ ಅಲ್ಲ. ಗಾಳಿ ಇಲ್ಲದ ಕಡೆ ಬಣ್ಣ, ಅಂಟುಗಳಿಂದ ಆವಿ ಏಳುತ್ತದೆ. ಅದೇ ಉಪಗ್ರಹದ ಮೈಮೇಲೆ ಕೂತು, ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಇಂಥ ಪೊರೆ ಕ್ಯಾಮೆರಾ ಗಾಜಿಗೆ ಹತ್ತಿದರೆ ಚಿತ್ರ ಮಸುಕು. ಸೌರಫಲಕಕ್ಕೆ ಹತ್ತಿದರೆ ಕರೆಂಟು ಕಡಿಮೆ.

ಟೊಮೆಟೊ ಬೀಜ ಏನಾಯಿತು? ಶಾಲೆ ಮಕ್ಕಳು ಬಿತ್ತಿದರು. ಮೊಳಕೆ ಬಂತು!

ಉಪಗ್ರಹ ಮೇಲೆ ಹೋದ ಮೇಲೆ ಒರೆಸಿ ಬರಲು ಆಗದು. ಅದಕ್ಕೇ ಮೊದಲೇ ಜೋಪಾನ ಮಾಡಬೇಕು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಧೂಳಿಲ್ಲದ ಕೋಣೆಯಲ್ಲಿ ಕೆಲಸ ನಡೆಯುತ್ತದೆ. ಕೆಲಸದವರು ತಲೆಗೆ ಟೋಪಿ, ಕೈಗೆ ಗವಸು ಹಾಕುತ್ತಾರೆ. ಗಾಳಿ ತೆಗೆದ ದೊಡ್ಡ ಕೋಣೆಯಲ್ಲಿ ಉಪಗ್ರಹವನ್ನು ಕಾಯಿಸಿ, ತಣಿಸಿ ಪರೀಕ್ಷೆ ಮಾಡುತ್ತಾರೆ. ಟಿ.ವಿ. ಕಾರ್ಯಕ್ರಮ, ಚಂಡಮಾರುತದ ಸೂಚನೆ ನಮಗೆ ತಲುಪುವುದು ಇಂಥ ಉಪಗ್ರಹಗಳಿಂದ.

ಹೇಳಿ ನೋಡೋಣ:
1. ಪ್ಲಾಸ್ಟಿಕ್ ಹಾಳೆಯನ್ನು ತಿಂದದ್ದು ಯಾವುದು?
2. ಕಂದು ಕಲೆ ಎಲ್ಲಿಂದ ಬಂತು?